ಇನ್ನೂರ ಹದಿನೇಳನೆಯದು

ನಲವತ್ತು ವರ್ಷ ಗಡಿಯಾರಗಳ ಹೊಟ್ಟೆಯೊಳಗೆ
ಇಕ್ಕಳ ಆಡಿಸಿದವಳು ನಾನು.
ಕೂದಲಿಗಿಂತ ತೆಳ್ಳನೆಯ ಸುರುಳಿಯನ್ನು
ಉಸಿರು ಬಿಗಿಹಿಡಿದು ಕೂರಿಸುವಾಗ
ಹೊರಗೆ ಲ ಲೋಕ್ಲ್ ಕಣಿವೆ ತುಂಬ
ಜೂರಾ ಬೆಟ್ಟದ ಹಿಮ ಇಳಿಯುತ್ತಿದ್ದರೂ
ನನಗೆ ಗೊತ್ತಾಗುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿತು. ಅದರ ಕೆಳಮಹಡಿಯನ್ನು
ಬಾಡಿಗೆಗೆ ಹಿಡಿದರು ಯಾರೋ ಹುಡುಗರು,
ಗಡ್ಡ ಇನ್ನೂ ಸರಿಯಾಗಿ ಮೂಡದವರು.
"ಮದಾಂ ಪೆರನೂ, ನೌಕೆ ಜೋಡಿಸಿಕೊಡುತ್ತೀರಾ?"
ನೌಕೆ ಎಂದರೆ ನನ್ನ ಲೆಕ್ಕದಲ್ಲಿ
ಬೆಂಕಿ, ಗೋಪುರ, ಹಿಂದುಮುಂದಾಗಿ ಎಣಿಸುವ ಗಂಡುದನಿ.
ಗಾಯೆತಾಂ ಅಂಗೈ ಬಿಚ್ಚಿದ:
ಅಂಚೆಚೀಟಿಯಷ್ಟಗಲ. ಬಿಸ್ಕತ್ತಿನ ಚೂರಿಗಿಂತ ಹಗುರ.
ಇಷ್ಟರಲ್ಲೇ ಕಣ್ಣು, ಇಷ್ಟರಲ್ಲೇ ನಾಲಿಗೆ,
ದಾರಿ ತಪ್ಪದಷ್ಟು ಬುದ್ಧಿ.

ಒಂದು ಸಾವಿರ ಬೇಕಂತೆ.
ದೊಡ್ಡದೊಂದು ನೌಕೆ ಇವನ್ನು ಬಸುರಲ್ಲಿ ಹೊತ್ತು
ಶನಿಯ ಬಿಳಿ ಚಂದ್ರದ ಬಳಿ,
ಅದರ ಬಿರುಕುಗಳಿಂದೇಳುವ ಹಬೆಯೊಳಕ್ಕೆ
ಹಿಡಿ ಹಿಡಿಯಾಗಿ ಎರಚುತ್ತದಂತೆ.
ಉಳಿದು ಮಾತಾಡುವುದು ಒಂದೋ ಎರಡೋ.
"ಮಿಕ್ಕವು?"
ಅವನು ತನ್ನ ಕಾಫಿಯನ್ನೇ ನೋಡಿದ.
ನಾನು ಮತ್ತೆ ಕೇಳಲಿಲ್ಲ.

ಅಲ್ಲಿ ನೀರಿದೆ, ಉಪ್ಪಿದೆ. ಅದಕ್ಕೇ ಇಲ್ಲಿ ಮಡಿ.
ತಲೆಗೆ ಬಟ್ಟೆ, ಬಾಯಿಗೆ ಬಟ್ಟೆ, ಕೈಗೆ ಎರಡೆರಡು ಚೀಲ,
ಕೆಮ್ಮುವ ಹಾಗಿಲ್ಲ, ತುರಿಸುವ ಹಾಗಿಲ್ಲ.
ನಮ್ಮೂರ ಸೂಕ್ಷ್ಮಜೀವಿಯೊಂದು ಹತ್ತಿ ಕೂತು
ಅಷ್ಟು ದೂರ ಹೋಗಿ
"ಇಲ್ಲಿ ಜೀವವಿದೆ" ಎಂದು ನಮಗೇ ಸುದ್ದಿ ಕಳಿಸಿಬಿಟ್ಟರೆ?

ಇನ್ನೂರ ಹದಿನೇಳನೆಯದರ ಮೇಲೆ
ನನ್ನದೊಂದು ರೆಪ್ಪೆಗೂದಲು ಬಿತ್ತು.
ಯಾರೂ ನೋಡಲಿಲ್ಲ. ಭೂತಗನ್ನಡಿಯಲ್ಲಿ
ತೊಲೆಯಂತೆ ಅಡ್ಡ ಮಲಗಿತ್ತು,
ತುದಿಯಲ್ಲಿ ಕೊಂಚ ನರೆತದ್ದು.
ಉದುರಿದ ರೆಪ್ಪೆಗೂದಲನ್ನು ಬೆರಳ ಮೇಲಿಟ್ಟು
ಏನಾದರೂ ಬೇಡಿಕೊಂಡು ಊದಬೇಕು ಎನ್ನುತ್ತಿದ್ದಳು ಅಜ್ಜಿ.
ಆದರೆ ಉಸಿರು, ಆ ಕೋಣೆಯಲ್ಲಿ,
ಕೂದಲಿಗಿಂತ ದೊಡ್ಡ ಮೈಲಿಗೆ.
ಕೈ ಎತ್ತಿದೆ. ಹೇಳಿದೆ.

ಪಟ್ಟಿಯಲ್ಲಿ ಅಡ್ಡಗೆರೆ ಬಿತ್ತು.
ಒಂದು ಕಡಿಮೆ ಸಾವಿರ
ಅಕ್ಟೋಬರಿನಲ್ಲಿ ಲಾರಿ ಹತ್ತಿ ಹೋದವು.
ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ
ಇದನ್ನು ನನ್ನ ಕೈಗಿಟ್ಟ ಗಾಯೆತಾಂ.
ನಮ್ಮ ಮನೆ ಬೀದಿಯಾಚೆಯೇ.
ಅಡುಗೆಮನೆ ಕಿಟಕಿಯ ಮೇಲಿಟ್ಟೆ,
ಸಕ್ಕರೆ ಡಬ್ಬಿಯ ಪಕ್ಕ.

ಮೂರು ದಿನ ಮೋಡ.
ನಾಲ್ಕನೆಯ ದಿನ, ಹತ್ತೂಕಾಲಿಗೆ,
ಗುಡ್ಡ ಹತ್ತಿ ಬಂದ ಬಿಸಿಲು ತಾಗಿದ್ದೇ ತಡ
ಫೋನು ಹೊಡೆದುಕೊಂಡಿತು.
"ಮದಾಂ, ನಿಮ್ಮದು ಮಾತಾಡುತ್ತಿದೆ. ಓದಲೇ?"

ತಲುಪಿದ್ದೇನೆ.
ಬೆಳಕು ಎಡದಿಂದ. ಉಷ್ಣತೆ ಹತ್ತೊಂಬತ್ತು.
ಸಮೀಪದಲ್ಲೇ ಅಯಸ್ಕಾಂತವೊಂದಿದೆ.
(ಫ್ರಿಜ್ಜಿನ ಬಾಗಿಲಲ್ಲಿ ವಿದ್ಯುತ್ ಬಿಲ್ಲು ಹಿಡಿದ
ಪ್ಲಾಸ್ಟಿಕ್ ಮೀನು.)
ಹಬೆ ಇದೆ. ಉಪ್ಪಿದೆ.
(ಆಲೂಗಡ್ಡೆ ಉಕ್ಕಿ ಒಲೆಗೆಲ್ಲ ಸಿಡಿಯುತ್ತಿತ್ತು.)
ಜೀವ: ಖಚಿತವಿಲ್ಲ.

ಸೌಟು ಹಿಡಿದು ನಿಂತೇ ಇದ್ದೆ ನಾನು,
ಅದರ ಮುಂದೆ, ಒಂದು ಮೊಳ ದೂರದಲ್ಲಿ.

ಬಿಸಿಲು ಜಾರಿದರೆ ಸಾಕು, ಎಲ್ಲ ಮರೆಯುತ್ತದೆ.
ಮರುದಿನ ಮತ್ತೆ ಹತ್ತೂಕಾಲಿಗೆ
ಹೊಸದಾಗಿ ತಲುಪುತ್ತದೆ,
ಅದೇ ಮೀನನ್ನು ಕಂಡು ಬೆರಗಾಗುತ್ತದೆ.
ಅದರ ಒಡಹುಟ್ಟಿದವು ಮುಟ್ಟಲು ಇನ್ನೂ ಹನ್ನೊಂದು ವರ್ಷ.
ನನಗಾಗ ಎಪ್ಪತ್ತೆರಡು.
ಕಣ್ಣು ಇದ್ದರೆ ಇದ್ದೀತು.

ನಿನ್ನೆ ಬಿಸಿಲು ಚೆನ್ನಾಗಿತ್ತು.
ಕೈಚೀಲವಿಲ್ಲದ ಕೈಯಲ್ಲಿ ಎತ್ತಿಕೊಂಡು,
ಬಾಯಿಬಟ್ಟೆಯಿಲ್ಲದ ಬಾಯಿಂದ,
ಮೆಲ್ಲಗೆ ಊದಿದೆ.

ಅರೆನಿಮಿಷಕ್ಕೆ ಫೋನು.
"ಏನಾಯಿತು ಮದಾಂ? ತೇವ ಒಮ್ಮೆಗೇ ಏರಿತಲ್ಲ?"

ಏನಿಲ್ಲ ಎಂದೆ.
ಇಲ್ಲಿಯ ಹವೆಯೇ ಹೀಗೆ.