ಸೋಯಾ ಎಲೆಗೆ ಉಗುರುಬಣ್ಣ

ಸೇಂಟ್ ಪಾಲ್‌ನ ಹಸಿರುಮನೆ. ಹತ್ತು ವಾರದ
ಬೇಸಿಗೆ ತರಬೇತಿಯಲ್ಲಿ ಇದು ಎರಡನೆಯದು.
ಪಾಕು ಶಿಯಾಂಗ್ ಸೋಯಾ ಎಲೆಯ ಬೆನ್ನಿಗೆ
ಉಗುರುಬಣ್ಣ ಹಚ್ಚುತ್ತಾಳೆ. ಬಣ್ಣವಿಲ್ಲದ್ದು,
ಎರಡು ಡಾಲರಿಗೆ ಒಂದು ಶೀಶೆ.
ಒಣಗಿದ ಮೇಲೆ ಟೇಪು ಒತ್ತಿ ಕಿತ್ತರೆ
ಎಲೆಯ ಬಾಯಿಗಳ ಅಚ್ಚು ಬರುತ್ತದೆ,
ಸೂಕ್ಷ್ಮದರ್ಶಕದಡಿ ಜೋಡಿ ಜೋಡಿ ತುಟಿ.
ಎಣಿಸುವುದು. ಬರೆಯುವುದು. ಮತ್ತೆ ಎಣಿಸುವುದು.

“ಇದಕ್ಕೆ ಸಂಬಳ ಬೇರೆ ಕೊಡುತ್ತಾರಾ?”
ಫೋನಿನಲ್ಲಿ ಅಜ್ಜಿ, ಹ್ಮಾಂಗ್ ಮಾತಿನಲ್ಲಿ.
ಅವಳ ಸೌತೆ, ಕೊತ್ತಂಬರಿ
ಶನಿವಾರದ ಸಂತೆಯಲ್ಲಿ ಎಂಟರೊಳಗೆ ಖಾಲಿ.
ಎಲೆ ಬಾಯಾರಿದ್ದು ಅವಳಿಗೆ
ಬೆರಳ ತುದಿಗೇ ತಿಳಿಯುತ್ತದೆ.

ಏಳನೇ ವಾರ ಲೆಕ್ಕ ಕೈಕೊಟ್ಟಿತು.
ನೀರು ಕಂಡ ಗಿಡಕ್ಕೂ ಕಾಣದ ಗಿಡಕ್ಕೂ
ಒಂದೇ ತೆರನ ತೆರೆದ ಬಾಯಿ.
ರಾತ್ರಿಯೆಲ್ಲ ಹೊರಳಿ, ಬೆಳಗ್ಗೆ ಕುಂಡ ಎತ್ತಿ ನೋಡಿದಳು:
ಒಣಗಬೇಕಾದ ಸಾಲಿನಡಿ ಹನಿಕೊಳವೆ, ತೇವ.
ತಾನೇ ಜೋಡಿಸಿದ್ದು, ಮೊದಲ ದಿನದ ಉಮೇದಿನಲ್ಲಿ.

ಸಿಗ್ನೆಗೆ ಹೇಳುವಾಗ ನಾಲಿಗೆ ಅಂಟುತ್ತಿತ್ತು.
ಸಿಗ್ನೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ,
ಕೈಯಲ್ಲಿದ್ದ ರಬ್ಬರು ಕಿತ್ತುಕೊಂಡಳು:
“ಅಳಿಸಬೇಡ. ಮೇಲೊಂದು ಗೆರೆ ಎಳೆ,
ಕೆಳಗಿನದು ಓದಲು ಬರುವ ಹಾಗೆ.”

ಉಳಿದದ್ದು ಮೂರು ವಾರ. ಹೊಸ ಬೀಜ, ಹೊಸ ಚೀಟಿ.
ಕೊನೆಯ ಭಾನುವಾರ ಅಜ್ಜಿ ನೋಡಲು ಬಂದವಳು
ಯಾರನ್ನೂ ಕೇಳದೆ
ಹದಿನಾಲ್ಕನೇ ಕುಂಡದ ಎಲೆ ಸವರಿ
“ಇದಕ್ಕೆ ನೀರು ಬೇಕು” ಎಂದಳು.
“ಗೊತ್ತು. ಕೊಡಬಾರದು.”

ಇಬ್ಬರೂ ನಿಂತರು ಸ್ವಲ್ಪ ಹೊತ್ತು,
ಆ ಎಲೆಯ ಹಾಗೆಯೇ
ಬಾಯಿ ಮುಚ್ಚಿಕೊಂಡು.