ಪುಟ ಇನ್ನೂರಾ ಹನ್ನೆರಡು

ಸಪ್ತಾಪುರದಾಗ ನಂದೊಂದು ಅಂಗಡಿ.
ಮುಂದ ಕಂಪ್ಯೂಟರ್, ಹಿಂದ ಕತ್ತರಿ ಮಷೀನು,
ನಡುವ ನಾನು, ಮೌಲಾಸಾಬ ಜಿಲ್ದಗಾರ.
ಮೂವತ್ತೊಂದು ವರ್ಷದಾಗ ಎಷ್ಟೋ ಮಂದಿನ್ನ ಡಾಕ್ಟರ್ ಮಾಡೇನಿ.
ಜೋಳದ ಕಾಡಿಗಿ ರೋಗ, ಚಾಲುಕ್ಯರ ತೂಕದ ಕಲ್ಲು,
ಎಲ್ಲಾ ನನ್ನ ಅಂಟಿನ ಡಬ್ಬಿ ದಾಟೇ ಹೋಗ್ಯಾವ.

ಸಂಕ್ರಾಂತಿ ಕರಿ ದಿನ ಓಣ್ಯಾಗ ಮತ್ಯಾರೂ ಬಾಗಲಾ ತೆಗದಿರಲಿಲ್ಲ.
ದಾಕ್ಷಾಯಣಿ ಹುಲಕೋಟಿ ಬಂದಳು, ಕಂಕುಳಾಗ ಕೈಬರಹದ ಕಟ್ಟು.
"ಕಾಕಾ, ಐದು ಪ್ರತಿ. ಬೆನ್ನಿಗೆ ಬಂಗಾರದ ಅಕ್ಷರ."
ವಿಷಯ: ಬಂದೂಕು ಹಿಡದ ಗುಂಪು ಊರು ಆಳೋ ಬಗಿ.

ನಾ ಟೈಪ್ ಮಾಡೋವಾಗ ಓದಂಗಿಲ್ಲ.
ಬೆರಳು ಓದತಾವ, ತಲಿ ಚಹಾ ಕುಡೀತಿರತೈತಿ.
ಈ ಸಲ ಬೆರಳು ನಿಂತವು.

ಕ ಜಿಲ್ಲಾ, ಗ ಹಳ್ಳಿ. ಯಾವ ದೇಶ ಅಂತ ಹೇಳಂಗಿಲ್ಲ.
ಕಾಡಿನಿಂದ ಇಳದು ಬಂದವರು ಮೊದಲ ಗುಂಡು ಹಾರಿಸ್ಯಾರ,
ಆಮ್ಯಾಲ ರಸೀದಿ ಪುಸ್ತಕ ಹೊಲಿಸ್ಯಾರ.
ಉಪ್ಪಿನ ಚೀಲಕ್ಕ ಇಷ್ಟು, ಎಮ್ಮಿಗೆ ಇಷ್ಟು.
ಗಂಡ ಹೆಂಡತಿ ಜಗಳ ಬೇಸ್ತವಾರ ಸಂಜಿಕ.
ಬಾವಿಗೆ ಪಾಳಿ ಹಚ್ಚ್ಯಾರ, ಸಾಲಿ ಮಾಸ್ತರಗ ಪಗಾರ ಕೊಟ್ಟಾರ,
ಒಬ್ಬ ಮಾಸ್ತರನ್ನ ರಾತ್ರಿ ಕರಕೊಂಡು ಹೋಗಿ
ತಿರುಗಿ ಕಳಿಸಿಲ್ಲ.
ಎರಡೂ ಒಂದ ಕೋಷ್ಟಕದಾಗ. ಕೋಷ್ಟಕ ಆರು.

"ಇದಕ್ಕೂ ಸರ್ಕಾರ ಅಂತಾರೇನವಾ?"
"ಅದನ್ನ ಕೇಳಾಕ ಕಲಿಯೂದಕ್ಕ ಆರು ವರ್ಷ ಹಿಡೀತು ಕಾಕಾ."
ಗೋಡಿ ಮ್ಯಾಲಿನ ಮೊಳಿಗೆ ಪಾಲಿಕಿ ನೀರಿನ ಪಾವತಿ ಸಿಗಿಸಿದ್ದೆ.
ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ,
ಪಾವತಿ ಮಾತ್ರ ಒಂದ ತಿಂಗಳೂ ತಪ್ಪಿಲ್ಲ.
ನಾ ಅದನ್ನ ನೋಡಿದ್ದು ಆಕಿ ನೋಡಿದಳು.
ಇಬ್ಬರೂ ಏನೂ ಅನ್ನಲಿಲ್ಲ.

ಪುಸ್ತಕದಾಗ ಮಂದಿಗೆ ಹೆಸರಿಲ್ಲ, ನಂಬರು.
ಮಾಹಿತಿದಾರ ಹದಿನೇಳು, ಉಪ್ಪು ಮಾರೋ ಹೆಣಮಗಳು, ಹೇಳ್ಯಾಳ:
"ಹಳೇ ಸರ್ಕಾರ ನನ್ನ ಹೆಸರು ತಪ್ಪು ಬರೀತಿತ್ತು.
ಇವರು ಸರಿ ಬರದಾರ.
ಅದಕ್ಕ ಅಂಜಿಕಿ ಹೆಚ್ಚು."

ಶಿವರಾತ್ರಿ ಮುಂದ ಕೆಲಸ ಮುಗೀತು.
ಐದೂ ಪ್ರತಿ ಶಿಕಂಜಿಯೊಳಗ ಕುಂತಿದ್ದವು, ಬೆಳಿಗ್ಗೆ ಹನ್ನೊಂದಕ್ಕ ಸಲ್ಲಿಸಬೇಕು.
ಅಂಟು ಹಿಡಿದೈತೋ ಇಲ್ಲೋ ಅಂತ ಸುಮ್ಮನ ಒಂದು ತೆರದೆ.
ಇನ್ನೂರಾ ಹನ್ನೆರಡು. ತಳದಾಗ, ಸಣ್ಣ ಅಕ್ಷರದ ಅಡಿಟಿಪ್ಪಣಿ.
ಹದಿನೇಳು ಅಲ್ಲ,
ಹೆಸರು. ಅಪ್ಪನ ಹೆಸರು. ಅಂಗಡಿ ಯಾವ ಕಟ್ಟಿ ಮಗ್ಗಲಕ್ಕ.
ಆಕಿ ಕೈತಪ್ಪಿ ಬರದಿದ್ದು, ನಾ ಕಣ್ಣು ತಪ್ಪಿ ಹೊಡದಿದ್ದು.
ಒಂದು ಪ್ರತಿ ಲೈಬ್ರರಿಗೆ, ಒಂದು ಪರೀಕ್ಷಕರಿಗೆ,
ಉಳದಿದ್ದು ಯಾರ ಕೈಗೋ ಯಾರಿಗ್ಗೊತ್ತು.

ಫೋನ್ ಹಚ್ಚಿದೆ. ಆಕಿ ಫೋನ್ ಬಂದ್.
ಎಷ್ಟು ರಾತ್ರಿ ನಿದ್ದಿಗೆಟ್ಟಿತ್ತೋ ಹುಡುಗಿ, ಮಲಗಲಿ.

ಅರ್ಧ ಅಂಗುಲ ಅಂಚು ಬಿಟ್ಟು ಹಾಳಿ ಕೊಯ್ದೆ, ಐದ ಸಲ.
ಹೊಸಾ ಹಾಳಿ ತಗದು ಆ ಅಂಚಿಗೆ ಹಚ್ಚಿದೆ.
ಕೊಯ್ದದ್ದನ್ನ ಚಹಾದ ಒಲಿಗೆ ಹಾಕಿ,
ಬೂದಿ ಕೆದರಿ, ಮತ್ತೊಮ್ಮೆ ಕೆದರಿದೆ.
ಕಂಪ್ಯೂಟರಿನೊಳಗಿಂದೂ ಅಳಿಸಿದೆ.
ನಸಕಿನ ಬಾಂಗಿಗೆ ಮೈ ಮುರದು ಎದ್ದೆ.

ಮುಂಜಾನೆ ಬಂದಾಕಿ ಒಂದು ಪ್ರತಿ ಕೈಯಾಗ ಹಿಡದು ಸರ್ರ್ ಅಂತ ಹಾಳಿ ಬಿಟ್ಟಳು.
ಒಂದ ಜಾಗಾದಾಗ ಹೆಬ್ಬೆರಳು ತಡೀತು.
"ಕಾಕಾ?"
"ಅಂಟು ಇನ್ನೂ ಹಸಿ ಐತಿ, ತೆರೀಬ್ಯಾಡವಾ."
ಆಕಿ ಬಹಳ ಹೊತ್ತು ನನ್ನ ಮಾರಿ ನೋಡಿದಳು.
ಬಿಲ್ಲಿನಾಗ ಐದು ಹಾಳಿ ಹೆಚ್ಚಿಗಿ ಹಾಕಲಿಲ್ಲ.

ಈಗ ಬ್ಯಾರೆ ಹುಡುಗಂದು ಹೊಡೀಲಿಕತ್ತೇನಿ, ಬಳ್ಳೊಳ್ಳಿ ಬೆಲಿ ಏರಿಳಿತ.
ನಡುನಡುವ ಒಂದು ಬೆರಳು ತಾನ ಎದ್ದು
ಆಕಿ ಹೆಸರಿನ ಮೊದಲನೇ ಅಕ್ಷರದ ಮ್ಯಾಲೆ ಹೋಗಿ ನಿಂದರತೈತಿ.
ಯಾವ ಅಕ್ಷರ, ಕೇಳಬ್ಯಾಡ್ರಿ.
ಮೆಲ್ಲಕ ಎತ್ತಿ
ಖಾಲಿ ಜಾಗಾದ ಕೀಲಿ ಒತ್ತಿಸ್ತೇನಿ.