ದಸ್ತಗೀರ್ ಸಾಬರ ಬಿಳಿ ಬಣ್ಣ

ಹಲಸೂರು ಕೆರೆಯ ಹಿಂಬದಿ, ರೆಜಿಮೆಂಟಿನ ಗೋಡೆಗೆ ಆತು
ಒಂದು ಮಡಿಸುವ ಕುರ್ಚಿ, ಎರಡು ಡಬ್ಬಿ ಬಣ್ಣ, ಕಿವಿಯ ಸಂದಿಯಲ್ಲಿ ಕುಂಚ.
ದಸ್ತಗೀರ್ ಸಾಬರು ಟ್ರಂಕುಗಳ ಮೇಲೆ ನಮ್ಮನ್ನು ಬರೆಯುತ್ತಾರೆ:
ಹುದ್ದೆ, ಹೆಸರು, ಎಲ್ಲಿಂದ, ಎಲ್ಲಿಗೆ.

ನನ್ನ ಟ್ರಂಕಿಗೆ ಮೊದಲ ಅಕ್ಷರ ಇವರದೇ.
ಆಮೇಲಿನವು ಬೇರೆ ಊರುಗಳ ಕೈ.
ಉಗುರಿನಿಂದ ಕೆರೆದರೆ
ಜೋಧಪುರದ ಅಡಿಯಲ್ಲಿ ತೇಜಪುರ,
ತೇಜಪುರದ ಅಡಿಯಲ್ಲಿ ಬೀದರ,
ಎಲ್ಲಕ್ಕೂ ಅಡಿಯಲ್ಲಿ
ಫ್ಲೈಯಿಂಗ್ ಆಫೀಸರ್ ಸುಗುಣಾ, ಅಪ್ಪನ ಇನಿಷಿಯಲ್ ಸಮೇತ.

ಗುರುಬಸವನದು ಇನ್ನೊಂದು ಟ್ರಂಕು, ಇನ್ನೊಂದು ಸೇನೆ.
ರೂರ್ಕಿ, ಪೂಂಛ್, ಲೇಹ್.
ಇಬ್ಬರ ನಕಾಶೆಗಳನ್ನು ಒಂದರ ಮೇಲೊಂದಿಟ್ಟು
ಬೆಳಕಿಗೆ ಹಿಡಿದರೂ ಒಂದು ಚುಕ್ಕೆ ಕೂಡುವುದಿಲ್ಲ.

ಅರ್ಜಿ ಹಾಕಿದೆವು. ಮತ್ತೆ ಹಾಕಿದೆವು.
'ಕಾರಣ' ಎಂಬಲ್ಲಿ ಒಂದೂವರೆ ಸಾಲಿನ ಜಾಗ.
ಅಮ್ಮನಾದರೆ ಋಣಾನುಬಂಧ ಅಂತ ಬರೆದು ಕೈತೊಳೆಯುತ್ತಿದ್ದಳು.
ನಾನು ಬರೆದೆ: ಪತಿಯೂ ಸೇವೆಯಲ್ಲಿದ್ದಾರೆ.
ಅವನೂ ಬರೆದ: ಪತ್ನಿಯೂ.
ದಿಲ್ಲಿಯಲ್ಲಿ ಅವನ ಫೈಲು ಒಂದು ಭವನ, ನನ್ನದು ಇನ್ನೊಂದು,
ನಡುವೆ ಒಂದೇ ಒಂದು ರಸ್ತೆ.
ಅದನ್ನು ದಾಟಲು ಯಾವ ಗುಮಾಸ್ತನಿಗೂ
ನಾಲ್ಕು ವರ್ಷ ಪುರುಸೊತ್ತಾಗಲಿಲ್ಲ.

ಕೊನೆಗೂ ಬಂತು: ಇಬ್ಬರಿಗೂ ಬೆಂಗಳೂರು.
'ಒಂದೇ ಸ್ಟೇಷನ್.'
ದಿಲ್ಲಿಯಿಂದ ನೋಡಿದರೆ ಬೆಂಗಳೂರು ಒಂದು ಗುಂಡುಪಿನ್ನಿನ ತಲೆ.
ನನಗೆ ಜಾಲಹಳ್ಳಿ, ಅವನಿಗೆ ಹಲಸೂರು,
ನಡುವೆ ಮೇಖ್ರಿ ಸರ್ಕಲ್ಲು.

ಮೊದಲ ಸಂಜೆ ನಮ್ಮ ಗೇಟಿನ ಸಂತರಿ
ಮೇಜರ್ ಸಾಹೇಬರಿಗೂ ಸಂದರ್ಶಕರ ಚೀಟಿಯನ್ನೇ ಕೊಟ್ಟ.
ಯಾರನ್ನು ನೋಡಬೇಕು: ಹೆಂಡತಿ.
ಭೇಟಿಯ ಉದ್ದೇಶ: ಊಟ.
ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಸಾಮಾನು ಬಿಚ್ಚಿದರೆ ಎಲ್ಲವೂ ಎರಡೆರಡು.
ಎರಡು ಕುಕ್ಕರು, ಎರಡು ಇಸ್ತ್ರಿಪೆಟ್ಟಿಗೆ,
ಎರಡು ಒಗ್ಗರಣೆ ಸೌಟು, ಎರಡರ ಕಂಠವೂ ಸುಟ್ಟದ್ದು.
ಆರು ವರ್ಷದ ಗಂಡ ಫ್ಯಾನಿನಡಿ ಮಲಗಲಾರ ಅನ್ನುವುದು
ನನಗೆ ಗೊತ್ತಾದದ್ದು ಅಲ್ಲೇ.
ನಾನು ನಿದ್ದೆಯಲ್ಲಿ ರೇಷನ್ ಲೆಕ್ಕ ಹೇಳುತ್ತೇನಂತೆ,
ಅಕ್ಕಿ ಇಷ್ಟು ಕ್ವಿಂಟಲ್, ಸೀಮೆಎಣ್ಣೆ ಇಷ್ಟು ಬ್ಯಾರೆಲ್.
'ಟೋಟಲ್ ತಪ್ಪಿತ್ತು' ಅಂದ, ಬೂಟಿನ ದಾರ ಕಟ್ಟುತ್ತ,
ಬೆಳಗಿನ ನಾಲ್ಕೂ ಕಾಲಿಗೆ.
ಆರಕ್ಕೆ ಅವನ ಪಿ.ಟಿ.

ಅವನು ಬರುವಾಗ ನನಗೆ ರಾತ್ರಿ ಡ್ಯೂಟಿ,
ನಾನು ಬರುವಾಗ ಅವನ ಚಹಾದ ಲೋಟ ಸಿಂಕಿನಲ್ಲಿ.
ಕೆಲವು ಗುರುವಾರ ಯಶವಂತಪುರದ ದರ್ಶಿನಿಯಲ್ಲಿ
ನಿಂತುಕೊಂಡೇ ತಟ್ಟೆ ಇಡ್ಲಿ.
ಜಗಳವನ್ನೂ ಅಲ್ಲೇ ಆಡಿದೆವು, ತಗ್ಗಿದ ದನಿಯಲ್ಲಿ,
ಪಕ್ಕದವರಿಗೆ ಚಟ್ನಿ ದಾಟಿಸುತ್ತ.
ಸುಖವೇ? ಕೇಳಬೇಡಿ.
ಪಕ್ಕದ ದಿಂಬಿಗೆ ತಲೆಯ ಗುಳಿ ಬಿದ್ದಿತ್ತು.
ಅಷ್ಟು ಸಾಕಿತ್ತು ನನಗೆ.

ಹದಿನಾಲ್ಕು ತಿಂಗಳು.
ಮತ್ತೆ ಅವನಿಗೆ ಆದೇಶ. ಈ ಸಲ ದಿಮಾಪುರ.

ಸಾಬರು ಅವನ ಟ್ರಂಕಿಗೆ ಕಪ್ಪು ಬಳಿದು, ಒಣಗಲು ಬಿಟ್ಟು,
ಬೀಡಿ ಹಚ್ಚದೆ ಬೆರಳಲ್ಲೇ ಹೊರಳಿಸುತ್ತ ಕೇಳಿದರು:
'ಒಂದೇ ಟ್ರಂಕಾ ಮೇಡಮ್?'
ಒಂದೇ ಅಂದೆ.
'ಊರಿನ ಹೆಸರು ಚಾಕ್‌ಪೀಸಲ್ಲಿ ಬರೀಲಾ?
ಆರ್ಡರ್ ಕ್ಯಾನ್ಸಲ್ ಆಗೋದುಂಟು.'
ಬೇಡ, ಬಣ್ಣದಲ್ಲೇ ಬರೀರಿ, ಹಾದಿಯಲ್ಲಿ ಮಳೆ ಇದೆ.
ದಿ ಬರೆದರು. ಮಾ ಬರೆದರು.
ಪು ಬರೆಯುವಾಗ ಒಂದು ಲಾರಿ ಹಾದು ಧೂಳೆಬ್ಬಿಸಿತು.
ಅದು ಹಸಿ ಬಣ್ಣಕ್ಕೆ ಅಂಟಿ ಹಾಗೇ ಹೋಯಿತು,
ನಮ್ಮ ಹಲಸೂರಿನ ಧೂಳು.

ಅವಸರದಲ್ಲಿ ಅವನು ನನ್ನ ಕುಕ್ಕರ್ ಒಯ್ದಿದ್ದಾನೆ.
ಅವನದರ ಸೀಟಿ ಬೇರೆ ಥರ,
ಮೊದಲನೆಯದು ಸೀಟಿಯೋ ಬರೀ ಉಸಿರೋ ತಿಳಿಯುವುದಿಲ್ಲ.
ಮೂರೋ ನಾಲ್ಕೋ ಎಣಿಸುತ್ತ ನಿಂತೆ.
ಬೇಳೆ ಇವತ್ತೂ ತಳ ಹಿಡಿಯಿತು.